ನೆಲಗಾಳಿನ ಗಂಟು

“ಗೊತ್ತಿಲ್ರಿ” ಅಂದ ಮಲ್ಲೇಶ. ಆ ಒಂದು ಮಾತಿಗೆ ಬಸ್ಸಮ್ಮ ಕಳ್ಳಿಯಾದಳು.

ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಯ ಮೇಲೆ, ಅಮರಗುಂಡಪ್ಪನ ಅಕ್ಕಿ ಮಿಲ್ಲಿನ ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಆಕೆ ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ಗಂಟಿನಲ್ಲಿ ಭತ್ತವಿತ್ತು. ಮಿಲ್ಲಿನ ಈಗಿನ ಧಣಿ, ಅಮರಗುಂಡಪ್ಪನ ಮಗ ಸಂಗನಬಸವ, ಕಾರು ಅಡ್ಡ ಹಾಕಿ ಇಳಿದಿದ್ದ. “ಯಾರನ್ನ ಕೇಳಿ ಒಯ್ಯಾಕತ್ತೀದಿ?” ಅಂದ. ಬಸ್ಸಮ್ಮ ತಿರುಗಿ ಲಾರಿ ತೂಗುವ ಕಾಟಾದ ಕೋಣೆಯ ಕಡೆ ನೋಡಿದಳು. “ನಮ್ಮ ಮಲ್ಲೇಶಗ ಗೊತ್ತೈತಲ್ರಿ, ಅವನ್ನ ಕೇಳ್ರಿ” ಅಂದಳು. ನಗುನಗುತ್ತಲೇ ಅಂದಳು. ಸಾಲಗುಂದದ ಬಸ್ಸು ತಪ್ಪೀತು ಎಂಬ ಅವಸರ ಬಿಟ್ಟರೆ ಆಕೆಗೆ ಬೇರೆ ಚಿಂತೆ ಇರಲಿಲ್ಲ.

ಸಂಗನಬಸವ ಕೇಳಿದ. ಮಲ್ಲೇಶ ಗೊತ್ತಿಲ್ರಿ ಅಂದ. ಹತ್ತು ನಿಮಿಷದ ಹಿಂದೆ ಇದೇ ಬಾಯಿಂದ “ಒಯ್ಯಿ ಚಿಗವ್ವ” ಅಂದಿದ್ದ.

ನೆಲಗಾಳು ಎಂದರೇನು ಅಂತ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಪೊಲೀಸರು ಬರೆದದ್ದೇ ಖರೆ ಅನಿಸುತ್ತದೆ. ಕಾಲುವೆ ನೀರಿನ ಭತ್ತ ಲಾರಿಗಟ್ಟಲೆ ಮಿಲ್ಲಿಗೆ ಬರುತ್ತದೆ. ಹಸಿಯಿದ್ದದ್ದನ್ನು ಸಿಮೆಂಟಿನ ಅಂಗಳದಲ್ಲಿ ಹರವುತ್ತಾರೆ. ಹರವುವವರು ಹೆಂಗಸರು. ಸುಡುವ ಕಾಳಿನಲ್ಲಿ ಬರಿಗಾಲು ಎಳೆದೆಳೆದು ತಿರುವಿ ಹಾಕುವವರು ಹೆಂಗಸರು. ಮೋಡ ಕಂಡರೆ ಓಡಿ ಬಳಿದು ಟಾರ್ಪಾಲು ಮುಚ್ಚುವವರೂ ಅವರೇ. ಭತ್ತದ ಸುಂಕು, ಆ ಮುಳ್ಳಿನಂಥ ಧೂಳು, ಕುತ್ತಿಗೆಗೆ, ಕಂಕುಳಿಗೆ, ಕಣ್ಣಿನ ಅಂಚಿಗೆ ಹತ್ತಿ ರಾತ್ರಿಯೆಲ್ಲ ತುರಿಸುತ್ತದೆ. ಚೀಲ ತುಂಬಿ ಹೊಲಿದ ಮೇಲೆ ಅಂಗಳದ ಬಿರುಕಿನಲ್ಲಿ, ಲಾರಿಯ ಗಾಲಿ ಹಾದ ಜಾಗದಲ್ಲಿ, ಗಟಾರದ ಅಂಚಿನಲ್ಲಿ ಒಂದಿಷ್ಟು ಕಾಳು ಉಳಿಯುತ್ತದೆ. ಅದರ ತುಂಬ ಮಣ್ಣು, ಇಲಿ ಹಿಕ್ಕೆ, ಹಮಾಲರು ಸೇದಿ ಎಸೆದ ಬೀಡಿ. ಅದೇ ನೆಲಗಾಳು. ಅದನ್ನು ಗುಡಿಸಿ, ಮೊರದಲ್ಲಿ ಕೇರಿ, ಹರಳು ಆರಿಸಿದರೆ ಎಂಟು ಕಿಲೊದಲ್ಲಿ ಐದು ಕಿಲೊ ಉಣ್ಣುವಂಥದ್ದು ಸಿಗುತ್ತದೆ.

ಆ ಕಾಳು ಗುಡಿಸಿದವಳದು. ಮಿಲ್ಲು ಹಾಕಿದ ವರ್ಷವೇ ಅಮರಗುಂಡಪ್ಪ ಆಡಿದ ಮಾತು ಅದು. ಹೊಲದ ಕೂಲಿಗಿಂತ ಮಿಲ್ಲಿನ ಕೂಲಿ ಅವತ್ತೂ ಕಡಿಮೆ, ಈಗಲೂ ಹೊಲದಲ್ಲಿ ನಾನೂರು ಇದ್ದರೆ ಮಿಲ್ಲಿನಲ್ಲಿ ಹೆಂಗಸರಿಗೆ ಇನ್ನೂರೈವತ್ತೇ. “ಉಳಿದದ್ದು ನೆಲದಾಗ ಐತಿ, ಬಳಕೋರಿ” ಅಂದಿದ್ದ. ಕಾಗದ ಗೀಗದ ಏನೂ ಇಲ್ಲ. ಆಡಿದವನು ಮೂರು ವರ್ಷದ ಹಿಂದೆ ತೀರಿಕೊಂಡ.

ದಿನಾ ಸಂಜೆ ಬಸ್ಸಮ್ಮ ಗಂಟನ್ನು ತಂದು ಕಾಟಾದ ಕೋಣೆಯ ಮುಂದಿನ ಕಲ್ಲಿನ ಮೇಲೆ ಇಡುತ್ತಿದ್ದಳು. ನಾಲ್ಕೂ ಚುಂಗು ಬಿಚ್ಚಿ ಹರವುತ್ತಿದ್ದಳು. ಗೇಟಿನ ಗುಮಾಸ್ತ ಮಲ್ಲೇಶ ಖುರ್ಚಿ ಬಿಟ್ಟು ಎದ್ದು ಬಂದು, ಗಂಟಿನಲ್ಲಿ ಕೈ ಹಾಕಿ, ಒಂದು ಹಿಡಿ ಎತ್ತಿ ಊದಿ, ಮತ್ತೆ ಬಿಟ್ಟು, “ಒಯ್ಯಿ ಚಿಗವ್ವ” ಅನ್ನುತ್ತಿದ್ದ. ಹನ್ನೊಂದು ವರ್ಷ ಹೀಗೆ ನಡೆದಿತ್ತು. ಸುಳ್ಳು ಯಾಕೆ, ಆ ಮಾತು ಹೇಳುವಾಗ ಅವನ ಎದೆ ಸ್ವಲ್ಪ ಉಬ್ಬುತ್ತಿತ್ತು. ಇಡೀ ಮಿಲ್ಲಿನಲ್ಲಿ ಅವನ ಮಾತಿನಿಂದ ಏನಾದರೂ ಒಂದು ನಡೆಯುತ್ತಿದ್ದರೆ ಅದು ಅಷ್ಟೇ.

ಆ ಖುರ್ಚಿಯೂ ಬಸ್ಸಮ್ಮ ಕೊಡಿಸಿದ್ದೇ. ಇಬ್ಬರೂ ಸಾಲಗುಂದದ ಒಂದೇ ಕೇರಿಯವರು, ವರಸೆಯಲ್ಲಿ ಆಕೆ ಅವನಿಗೆ ಚಿಕ್ಕಮ್ಮ. ಅವನ ತಾಯಿ ಸತ್ತಾಗ ಅವನಿಗೆ ಒಂಬತ್ತು ವರ್ಷ. ರೊಟ್ಟಿ ಬಡಿದು ಹಾಕಿದವಳು ಈಕೆ. ಅವನು ಬಿಕಾಂ ಮುಗಿಸಿ ಎರಡು ವರ್ಷ ಸುಮ್ಮನೆ ತಿರುಗಿದ ಮೇಲೆ, ಅಮರಗುಂಡಪ್ಪನ ಕಾರಿನ ಬಾಗಿಲು ಹಿಡಿದು ನಿಂತು, “ನಮ್ಮ ಹುಡುಗ ಕಲ್ತಾನ್ರಿ, ಅವನ ಕೈಗೆ ಕಸಬರಗಿ ಕೊಡಬ್ಯಾಡ್ರಿ, ಪೆನ್ನು ಕೊಡ್ರಿ” ಅಂತ ಕೇಳಿದವಳು ಈಕೆ. ಕೇರಿಯಿಂದ ಮಿಲ್ಲಿಗೆ ಹೋಗಿ ಖುರ್ಚಿಯ ಮೇಲೆ ಕೂತವನು ಅವನೊಬ್ಬನೇ.

ಇಷ್ಟೆಲ್ಲ ಇದ್ದೂ ಗೊತ್ತಿಲ್ರಿ ಅಂದ. ಅದಕ್ಕೂ ಹಿಂದಿನ ತಪ್ಪೊಂದಿದೆ, ಅದು ಇನ್ನೂ ಹೊಲಸು.

ಆ ವಾರದ ಸೋಮವಾರ ಸಂಗನಬಸವ ಅವನನ್ನು ಒಳಗೆ ಕರೆದಿದ್ದ. “ನೆಲಗಾಳು ಕೋಳಿ ಫಾರಂನವರು ತಗೋತೀವಿ ಅಂದಾರ. ಇವತ್ತಿಂದ ಹೆಂಗಸರಿಗೆ ಬಿಡಬ್ಯಾಡ. ನೀನ ಹೇಳು, ನಿಮ್ಮ ಮಂದಿನ ಅಲ್ಲೇನು.”

“ಹೂಂ ಧಣೇರ” ಅಂದ ಮಲ್ಲೇಶ. ಹಂಗಾದರೆ ಕೂಲಿ ಎಷ್ಟು ಮಾಡ್ತೀರಿ ಅಂತ ಕೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

ಸಂಜೆ ಬಸ್ಸಮ್ಮ ಗಂಟು ಬಿಚ್ಚಿದಳು. ಬೇರೆ ಹೆಂಗಸರು ಎರಡನೇ ಬೆಳೆಯ ನಾಟಿಗೆ ಅಂತ ಮುಕ್ಕುಂದದ ಕಡೆ ಹೋಗಿದ್ದರು. ಅಂಗಳಕ್ಕೆ ಆಕೆ ಒಬ್ಬಳೇ. ಬೆನ್ನು ನೆಟ್ಟಗಾಗದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಇನ್ನು ಒಯ್ಯಬ್ಯಾಡ ಚಿಗವ್ವ, ಧಣಿ ಬ್ಯಾಡ ಅಂದಾರ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮಲ್ಲೇಶನಿಗೆ ನಾಚಿಕೆಯಾಯಿತು. ಹಿಡಿ ಎತ್ತಿದ, ಊದಿದ, “ಒಯ್ಯಿ” ಅಂದ. ನಾಳೆ ಹೇಳಿದರಾಯಿತು ಅಂದುಕೊಂಡ. ಮಂಗಳವಾರವೂ ಹಾಗೇ ಅಂದುಕೊಂಡ. ಬುಧವಾರವೂ. ಗುರುವಾರ ಕಾರು ಅಡ್ಡ ಬಂತು.

ಆಮೇಲಿನದ್ದು ಅವನು ಗಾಜಿನ ಹಿಂದೆ ಕೂತು ನೋಡಿದ. ಸಂಗನಬಸವ ಮೊಬೈಲು ತೆಗೆದು ವಿಡಿಯೊ ಹಿಡಿದ. “ಗಂಟು ಇಳಿಸಬ್ಯಾಡ, ಹಂಗ ನಿಂದ್ರು, ಮಾರಿ ಈ ಕಡೆ ಮಾಡು” ಅಂದ. ಐವತ್ತೈದು ವರ್ಷದ ಹೆಂಗಸು ಎರಡು ತಾಸು ರಸ್ತೆಯ ಮೇಲೆ ಗಂಟು ಹೊತ್ತು ನಿಂತಳು. ಬಸ್ಸು ಆಟೊಗಳೆಲ್ಲ ಅಲ್ಲಿ ಸಾವಕಾಶ ಆಗಿ, ನೋಡಿ, ಮುಂದೆ ಹೋದವು. ಮೊದಮೊದಲು ಆಕೆ ಕಾಟಾದ ಕೋಣೆಯ ಕಡೆ ನೋಡುತ್ತಿದ್ದಳು. ಇವ ಈಗ ಬರ್ತಾನ, ಈಗ ಬರ್ತಾನ ಅಂತ ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು. ಜೀಪು ಬಂತು. ಠಾಣೆಯಲ್ಲಿ ಸೆರಗು ಜಾಡಿಸಿದರು, ಎಲೆಅಡಿಕೆ ಚೀಲ ಬೋರಲು ಹಾಕಿದರು, ಕುಪ್ಪಸದೊಳಗೆ ಕೈ ಹಾಕಿ ನೋಡಿದರು. ಗಂಟು ತೂಗಿದರು. ಎಂಟು ಕಿಲೊ ಇನ್ನೂರು ಗ್ರಾಂ. ಬೆಲೆ ನೂರಾ ಎಂಬತ್ತು ರೂಪಾಯಿ ಎಂದು ಬರೆದರು. ಮಣ್ಣು ಕೇರಿ ತೆಗೆದು ತೂಗುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸರ್ಕಾರದ ಕಡತದಲ್ಲಿ ಮಣ್ಣೂ ಕಳುವಿನ ಮಾಲೇ ಆಯಿತು.

ಹವಾಲ್ದಾರ ಹೇಳಿಕೆ ಬರೆದು ಓದಿದ. ‘ಸದರಿ ಆರೋಪಿತಳು ಭತ್ತ ಒಯ್ಯಲು ನಾನು ಪರವಾನಗಿ ಕೊಟ್ಟಿರುವುದಿಲ್ಲ, ನನಗೆ ತಿಳಿಯದಂತೆ ಒಯ್ದಿರುತ್ತಾಳೆ.’ ಪಕ್ಕದಲ್ಲಿ ಸಂಗನಬಸವ ಚಹಾ ಕುಡಿಯುತ್ತಿದ್ದ. ಮಲ್ಲೇಶ ಸಹಿ ಹಾಕಿದ. ಅವನ ಸಹಿ ಚೆಂದ. ಕೆಳಗೆ ಗೆರೆ ಎಳೆದು ಎರಡು ಚುಕ್ಕಿ ಇಡುವುದು ರೂಢಿ, ಅವತ್ತೂ ಇಟ್ಟ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ಬಸ್ಸಮ್ಮ ಆ ಪೆನ್ನನ್ನೇ ನೋಡುತ್ತಿದ್ದಳು.

ಬಸ್ಸಮ್ಮನ ತಮ್ಮ ಗಾಳೆಪ್ಪ ಜಾಮೀನು ಬರೆದುಕೊಟ್ಟು ಆಕೆಯನ್ನು ಮನೆಗೆ ಕರೆದೊಯ್ದ. ಆದರೆ ಆ ವಿಡಿಯೊಗೆ ಜಾಮೀನು ಬೇಕಾಗಿರಲಿಲ್ಲ, ಅದು ಮೊದಲೇ ಊರು ಸುತ್ತುತ್ತಿತ್ತು. ಸಿಂಧನೂರಿನ ಯಾವ ಮಿಲ್ಲೂ ಆಕೆಯನ್ನು ಅಂಗಳಕ್ಕೆ ಬಿಟ್ಟುಕೊಳ್ಳಲಿಲ್ಲ. ಲಿಂಗಸೂಗೂರಿನ ಕಡೆ ತೊಗರಿ ಕೊಯ್ಲಿಗೆ ಹೋದರೆ ಅಲ್ಲಿಯ ಮೇಸ್ತ್ರಿಯ ಮೊಬೈಲಿನಲ್ಲೂ ಆಕೆ ಗಂಟು ಹೊತ್ತು ನಿಂತಿದ್ದಳು. ಕಡೆಗೆ ಸಾಲಗುಂದದಲ್ಲೇ ಕಳೆ ಕೀಳಲು ಒಬ್ಬರು ಕರೆದರು. ಕರೆದರೇನೋ ಖರೆ, ಹೊತ್ತು ಮುಳುಗುವಾಗ ಬದುವಿನ ಮೇಲೆ ನಿಲ್ಲಿಸಿ, “ಉಡಿ ಜಾಡಿಸಿ ಹೋಗು ಬಸ್ಸಮ್ಮ” ಅಂದರು. ಬೇರೆ ಹೆಂಗಸರಿಗೆ ಅನ್ನಲಿಲ್ಲ. ಆಕೆಗೆ ಮಾತ್ರ. ಕೇಸು ಇನ್ನೂ ನಡೆದೇ ಇರಲಿಲ್ಲ, ಶಿಕ್ಷೆ ಮಾತ್ರ ದಿನಾ ಆಗುತ್ತಿತ್ತು.

ಇದೆಲ್ಲ ಮಲ್ಲೇಶನ ಕಿವಿಗೆ ಬೀಳುತ್ತಿತ್ತು. ಅವನು ಸಾಲಗುಂದಕ್ಕೆ ಹೋಗುವುದನ್ನೇ ಬಿಟ್ಟ. ಹೋಗಲೇಬೇಕಾದಾಗ ಕೇರಿ ತಪ್ಪಿಸಿ ಕಾಲುವೆಯ ದಂಡೆ ಹಿಡಿದು ಹೋದ.  ನೌಕರಿ ಹೋದರೆ ಮನೆ ಬಾಡಿಗೆ ಹೇಗೆ, ಮಗಳು ಸಂಘಮಿತ್ರಾಳ ಶಾಲೆ ಹೇಗೆ ಅಂತ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ನೆವ ಅಂತ ಅವನಿಗೇ ಗೊತ್ತಾಗುತ್ತಿತ್ತು.

ಹೆಂಡತಿ ಪದ್ಮಾವತಿ ಏಳು ತಿಂಗಳು ತಡೆದುಕೊಂಡಳು. ಒಂದು ಮುಂಜಾನೆ ಬುದ್ಧನ ಪಟದ ಮುಂದೆ ಅವನು ಕೈ ಮುಗಿದು ಪಂಚಶೀಲ ಹೇಳುತ್ತಿದ್ದ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬಲ್ಲಿಗೆ ಬಂದಾಗ ಅವನ ದನಿ ತಡೆಯಿತು. ಆಕೆ ಒಲೆಯ ಕಡೆಯಿಂದಲೇ ಕೇಳಿದಳು.

“ಯಾಕ ನಿಂತ್ರಿ? ಮುಂದ ಹೇಳ್ರಿ. ಸುಳ್ಳಿನದು ಇನ್ನೂ ಮುಂದೈತಿ.”

“ಪದ್ಮಾ, ಮುಂಜಾನೆದ್ದು...”

“ಮುಂಜಾನೆದ್ದು ಅಲ್ಲ, ಸಂಜೀಕೂ ಅದ ಮಾತು. ಪ್ರತಿ ಹುಣ್ಣಿವಿಗೆ ಆಕಿ ನೆಲಗಾಳಿನ ನುಚ್ಚು ತಂದು ಕೊಡತಿದ್ಲು, ನಾವು ಉಣತಿದ್ವಿ. ಅದು ಕಳುವಿನ ಮಾಲಾದ್ರ ನಾವೂ ಕಳ್ಳರ. ಸಂಘಮಿತ್ರಾನೂ ಕಳ್ಳಿನ. ನಮ್ಮನ್ನೂ ಒಯ್ದು ಠಾಣೆದಾಗ ಕೂಡಸ್ರಿ.”

“ನೌಕರಿ ಹೋದ್ರ ಏನು ಉಣ್ತೀ?”

“ಮೊದಲ ಏನು ಉಣತಿದ್ವಿ? ಹೊಲಕ್ಕ ಹೋಗ್ತೀನಿ ನಾನು, ಕೈ ಅದಾವು. ನಿಮ್ಮ ಮಾರಿ ದಿನಾ ನೋಡೋದು ನನ್ನ ಕೈಲೆ ಆಗವಲ್ದು.”

ಆ ಮಾತು ಅವನ ಮುಖಕ್ಕೆ ಹೊಡೆದ ಹಾಗಾಯಿತು. ಅವತ್ತು ಮಧ್ಯಾಹ್ನವೇ ಮಿಲ್ಲಿಗೆ ರಜೆ ಹೇಳಿ ಕೋರ್ಟಿನ ಹತ್ತಿರದ ದಸ್ತಗೀರ್‌ಸಾಬ್ ವಕೀಲರ ಕೋಣೆಗೆ ಹೋದ. ಬಡವರ ಕೇಸಿಗೆ ಅಂತ ಕೋರ್ಟು ಬಸ್ಸಮ್ಮನಿಗೆ ಕೊಟ್ಟ ವಕೀಲರು ಅವರು. ಬಾಗಿಲಿಗೆ ಹೋದವನು ಹಾಗೇ ನಿಂತ. ಒಳಗೆ ಬಸ್ಸಮ್ಮ ಬೆಂಚಿನ ಮೇಲೆ ಕೂತಿದ್ದಳು. ಆಕೆ ಇವನನ್ನು ಕಂಡಳು, ಕಂಡೂ ಗೋಡೆಯನ್ನು ನೋಡಿದ ಹಾಗೆ ನೋಡಿದಳು.

ದಸ್ತಗೀರ್‌ಸಾಬ್ ಆಕೆಗೆ ತಿಳಿಸಿ ಹೇಳುತ್ತಿದ್ದರು. “ನೋಡವಾ, ಹೊಸ ಕಾಯ್ದೆದಾಗ ಒಂದು ಸವಲತ್ತು ಐತಿ. ಮಾಲು ಐದು ಸಾವಿರದ ಒಳಗಿದ್ರ, ಮೊದಲ ಸಲ ಆದ್ರ, ಮಾಲು ವಾಪಸ್ ಕೊಟ್ರ ಜೇಲಿಲ್ಲ. ತಪ್ಪಾತು ಅಂತ ಒಪ್ಕೊಂಡ್ರ ಸಮುದಾಯ ಸೇವಾ ಅಂತ ಹಾಕ್ತಾರ.”

“ಸೇವಾ ಅಂದ್ರ?”

“ಅಂದ್ರ ಸರಕಾರಿ ದವಾಖಾನಿನೋ, ಬಸ್ ಸ್ಟ್ಯಾಂಡೋ ಇರತೈತಿ. ಒಂದು ವಾರ, ಹದಿನೈದು ದಿನ ಕಸ ಹೊಡೀಬೇಕು. ಮುಗೀತು.”

 ಬಸ್ಸಮ್ಮ ತನ್ನ ಎರಡೂ ಅಂಗೈ ಮೇಲೆ ಮಾಡಿ ವಕೀಲರ ಮೇಜಿನ ಮೇಲೆ ಇಟ್ಟಳು. ಬೆರಳ ಬುಡದಲ್ಲೆಲ್ಲ ಜಡ್ಡು ಕಟ್ಟಿತ್ತು.

“ನಮ್ಮವ್ವ ಊರ ಕಸ ಹೊಡದ್ಲು. ನಾ ನಲವತ್ತು ವರ್ಷ ಹೊಡದೀನಿ. ಅದು ಶಿಕ್ಷಾ ಅಂತ ನನಗ ಇವತ್ತು ಗೊತ್ತಾತ್ರಿ. ಏನು ಕದ್ದಿದ್ವಿ ಅಂತ ಅಷ್ಟು ವರ್ಷ ಹಾಕಿದ್ರಿ?”

ದಸ್ತಗೀರ್‌ಸಾಬ್ ಕನ್ನಡಕ ತೆಗೆದು ಒರೆಸಿಕೊಂಡರು. “ನಾ ಹಾಕಿಲ್ಲವಾ” ಅಂದರು.

“ನಾ ಒಪ್ಪಂಗಿಲ್ರಿ. ಜೇಲಿಗೆ ಹಾಕ್ತೀರೇನು, ಹಾಕ್ರಿ. ತಪ್ಪಾತು ಅಂತ ಮಾತ್ರ ಈ ಬಾಯಿಲೆ ಬರಂಗಿಲ್ಲ.”

ಎದ್ದಳು. ಬಾಗಿಲಲ್ಲಿ ಮಲ್ಲೇಶ ಪಕ್ಕಕ್ಕೆ ಸರಿದ. “ಚಿಗವ್ವ” ಅಂದ, ಅಂದದ್ದು ಅವನಿಗೇ ಸರಿಯಾಗಿ ಕೇಳಲಿಲ್ಲ. ಆಕೆ ಚಪ್ಪಲಿ ಮೆಟ್ಟಿ ನಡೆದುಬಿಟ್ಟಳು.

“ನೀ ಸರಕಾರಿ ಸಾಕ್ಷಿ. ನಿನ್ನ ಜೋಡಿ ನಾ ಮಾತಾಡಬಾರದು” ಅಂದರು ದಸ್ತಗೀರ್‌ಸಾಬ್.

“ಒಂದ ಮಾತ್ರಿ. ನಾ ನಿಜ ಹೇಳಿದ್ರ ಏನಾಕ್ಕೈತಿ?”

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಕುಳಿತುಕೋ ಅನ್ನಲಿಲ್ಲ. “ಕಾಯ್ದೆ ಏನು ಬುಕ್ಕು ತುಂಬ ಇಲ್ಲಪ್ಪಾ. ಬರೇ ತಗೊಂಡ್ರ ಕಳವು ಆಗಂಗಿಲ್ಲ. ಮನಸ್ಸಿನ್ಯಾಗ ಮೋಸ ಇರಬೇಕು, ಮಾಲಕನ ಒಪ್ಪಿಗಿ ಇರಬಾರದು. ಗೇಟಿನ ಗುಮಾಸ್ತ ಒಯ್ಯಿ ಅಂದಾನ, ಆಕಿ ನಂಬಿ ಒಯ್ದಾಳ. ಅಲ್ಲಿಗೆ ಆಕಿ ಮ್ಯಾಲಿನ ಕೇಸು ನಿಂದ್ರಂಗಿಲ್ಲ.”

“ನಂದು?”

“ನಿಂದು ಬ್ಯಾರೆ ಲೆಕ್ಕ. ಧಣಿ ಬಿಡಬ್ಯಾಡ ಅಂದಿದ್ನೇನು?”

ಮಲ್ಲೇಶ ಹೌದೆಂದು ತಲೆಯಾಡಿಸಿದ.

“ಹಂಗಾದ್ರ ಅವ ನಿನ್ನ ಮ್ಯಾಲೆ ತಿರುಗ್ತಾನ. ನೌಕರ ಆಗಿ ಮಾಲಕನ ಮಾಲು ದಾಟಿಸಿದಿ ಅಂತಾನ. ಆಕಿದು ಮೂರು ವರ್ಷದ ಕಲಂ. ನೌಕರಂದು ಏಳು ವರ್ಷದ್ದು. ಮ್ಯಾಲೆ ಪೊಲೀಸರ ಮುಂದ ಸುಳ್ಳು ಹೇಳೀದಿ. ಹೋಗು, ಹೆಂಡ್ತಿನ ಕೇಳಿ ವಿಚಾರ ಮಾಡು.”

ಹೆಂಡತಿಯನ್ನು ಕೇಳುವುದು ಏನೂ ಉಳಿದಿರಲಿಲ್ಲ. ಆದರೆ ಏಳು ವರ್ಷ ಎಂಬ ಮಾತು ಅವನ ಕಾಲಿಗೆ ಸುತ್ತಿಕೊಂಡಿತು. ಸಾಕ್ಷಿಗೆ ಕರೆಯುವ ತನಕ ಮೂರು ವಾರ ಅವನು ಮಿಲ್ಲಿಗೆ ಹೋದ, ಲಾರಿ ತೂಗಿದ, ಚೀಟಿ ಬರೆದ. ಅಂಗಳದಲ್ಲಿ ಹೊಸ ಹೆಂಗಸರು ಬಂದಿದ್ದರು. ಇನ್ನೂರೈವತ್ತೇ ಕೂಲಿ. ನೆಲಗಾಳು ಗುಡಿಸಿ ಕೋಳಿ ಫಾರಂನ ಚೀಲಕ್ಕೆ ತುಂಬುತ್ತಿದ್ದರು. ಮಧ್ಯಾಹ್ನ ಮಲ್ಲೇಶ ರೊಟ್ಟಿಯ ಗಂಟು ಬಿಚ್ಚಿ ನಾಯಿಗೆ ಹಾಕುತ್ತಿದ್ದ.

ಸಾಕ್ಷಿಯ ದಿನ ಸಂಗನಬಸವ ತಾನೇ ಕಾರಿನಲ್ಲಿ ಅವನನ್ನು ಕೋರ್ಟಿಗೆ ಕರೆತಂದ. ದಾರಿಯಲ್ಲಿ ಚಹಾ ಕುಡಿಸಿದ. “ಬರದು ಕೊಟ್ಟಿದ್ದ ಹೇಳು, ಜಾಸ್ತಿ ಮಾತು ಬ್ಯಾಡ. ದೀಪಾವಳಿಗೆ ನಿನ್ನ ಪಗಾರ ನೋಡೋಣು” ಅಂದ. ಮಲ್ಲೇಶ ಆ ಚಹಾವನ್ನೂ ಕುಡಿದ. ಬೇಡ ಅನ್ನಲು ಬಾಯಿ ಬರಲಿಲ್ಲ, ಅಷ್ಟು ವರ್ಷದ ರೂಢಿ.

ಕೋರ್ಟಿನಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಮ್ಯಾಜಿಸ್ಟ್ರೇಟ್ ಒಬ್ಬ ಹೆಣ್ಣುಮಗಳು, ನಡುವಯಸ್ಸಿನವರು. ಆರೋಪಿಯ ಕಟಕಟೆಯಲ್ಲಿ ಬಸ್ಸಮ್ಮ ನಿಂತಿದ್ದಳು. ಕಳೆ ಕಿತ್ತು ಕಿತ್ತು ಬಿಸಿಲಿಗೆ ಇನ್ನೂ ಕಪ್ಪಾಗಿದ್ದಳು, ಸೊರಗಿದ್ದಳು. ಮಲ್ಲೇಶ ಸತ್ಯದ ಮೇಲೆ ಪ್ರಮಾಣ ಮಾಡಿದ. 

“ಆ ಗುರುವಾರ ಸಂಜೆ ಏನಾಯಿತು, ಕೋರ್ಟಿಗೆ ಹೇಳಿ” ಅಂದರು ಸರ್ಕಾರಿ ವಕೀಲರು.

ಹಿಂದಿನ ಸಾಲಿನಲ್ಲಿ ಸಂಗನಬಸವ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಮಲ್ಲೇಶ ಅವನನ್ನು ನೋಡಿದ. ಆಮೇಲೆ ಬಸ್ಸಮ್ಮನ ಕೈಗಳನ್ನು ನೋಡಿದ. ಕಟಕಟೆಯ ಕಟ್ಟಿಗೆಯ ಮೇಲೆ ಅವು ಸುಮ್ಮನೆ ಇದ್ದವು. ಆ ಕೈ ಬಡಿದ ರೊಟ್ಟಿಯಿಂದಲೇ ತನ್ನ ಮೈಯ ಎಲುಬು ಬೆಳೆದದ್ದು. ಸಾಕು, ಇನ್ನು ಆಗುವುದಿಲ್ಲ ಅನಿಸಿತು.

“ಆಕಿ ಗಂಟು ತಂದು ಕಲ್ಲಿನ ಮ್ಯಾಲೆ ಬಿಚ್ಚಿದ್ಲುರಿ. ನಾ ಕೈ ಹಾಕಿ ನೋಡಿದೆ. ಒಯ್ಯಿ ಅಂದೆ.”

ಟೈಪು ಮಾಡುತ್ತಿದ್ದವಳ ಬೆರಳು ನಿಂತಿತು. ಸರ್ಕಾರಿ ವಕೀಲರು ಕಾಗದ ಎತ್ತಿ ತೋರಿಸಿದರು. “ಇದು ನಿಮ್ಮ ಹೇಳಿಕೆ ಅಲ್ಲೇನು? ಸಹಿ ನಿಮ್ಮದೇ?”

“ನಂದರಿ.”

“ಪರವಾನಗಿ ಕೊಟ್ಟಿಲ್ಲ ಅಂತ ಇದರಾಗ ಐತಲ್ಲ?”

“ಸುಳ್ಳರಿ ಅದು. ಅಂಜಿ ಹೇಳೀನ್ರಿ. ನೌಕರಿ ಹೋಗತೈತಿ ಅಂತ.”

ಹಿಂದೆ ಖುರ್ಚಿ ಸರಿದ ಸದ್ದಾಯಿತು. ಸರ್ಕಾರಿ ವಕೀಲರ ದನಿ ಬದಲಾಯಿತು. “ಮಾಲಕರು ನೆಲಗಾಳು ಬಿಡಬ್ಯಾಡ ಅಂದಿದ್ರಾ ಇಲ್ಲಾ?”

“ಅಂದಿದ್ರು. ಸೋಮವಾರ ಅಂದಿದ್ರು. ಆಕಿಗೆ ನಾ ಹೇಳಲೇ ಇಲ್ರಿ. ನಾಲ್ಕು ದಿನ ಬಾಯಿ ಮುಚ್ಕೊಂಡು ಒಯ್ಯಿ ಒಯ್ಯಿ ಅಂದೆ. ತಪ್ಪು ನಂದರಿ. ಆಕಿಗೇನೂ ಗೊತ್ತಿಲ್ಲ.”

“ಅಂದ್ರ ಮಾಲಕರು ಬ್ಯಾಡ ಅಂದ ಮ್ಯಾಲೂ ಅವರ ಮಾಲನ್ನ ನೀವು ಕೊಟ್ರಿ.”

ಮ್ಯಾಜಿಸ್ಟ್ರೇಟ್ ಕೈ ಎತ್ತಿದರು. “ಮಲ್ಲೇಶ್, ಯೋಚನೆ ಮಾಡಿ ಹೇಳಿ. ಇದು ನಿಮ್ಮ ಮೇಲೆ ಬರಬಹುದು. ಆ ಭತ್ತ ಕೊಟ್ಟವರು ನೀವೇನಾ?”

“ಹೌದ್ರಿ” ಅಂದ. “ನಾನ ಕೊಟ್ಟೀನಿ.”

ಅಂದುಬಿಟ್ಟ. ಎಂಟು ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಮೈ ಹಗುರಾಗಿತ್ತು. ಏಳು ವರ್ಷ ಅಂದರೆ ಏಳು ವರ್ಷ, ಆಗಲಿ. ಈಗ ಚಿಗವ್ವನನ್ನು ನೋಡಬಹುದು ಅನಿಸಿತು. ಆಕೆ ಕೈ ಮುಗಿಯುವುದು ಬೇಡ, ನಗುವುದೂ ಬೇಡ, ಒಂದು ಸಲ ಮಲ್ಲ್ಯಾ ಅಂತ ಕಣ್ಣಲ್ಲಿ ಅಂದರೆ ಸಾಕು. ಆಸೆಯಿಂದ ತಿರುಗಿದ. ಆಕೆಯ ಮುಖದಲ್ಲಿ ಸಿಟ್ಟು ಕುದಿಯುತ್ತಿತ್ತು.

“ತಡೀರಿ” ಅಂದಳು ಬಸ್ಸಮ್ಮ. “ಇವ ಕೊಟ್ಟ ಅಂತ ಬರೀಬ್ಯಾಡ್ರಿ.”

ದಸ್ತಗೀರ್‌ಸಾಬ್ ಹಾರಿ ಎದ್ದರು. “ಬಸ್ಸಮ್ಮ, ಸುಮ್ಮನಿರು! ನಿನ್ನ ಮ್ಯಾಲಿನ ಕೇಸು ಬಿದ್ದು ಹೋಗಾಕತ್ತೈತಿ, ಬಾಯಿ ಮುಚ್ಚು!”

“ಸುಮ್ಮನಿರಂಗಿಲ್ರಿ ವಕೀಲ್ರ. ಎಂಟು ತಿಂಗಳು ಸುಮ್ಮನಿದ್ದೆ. ಉಡಿ ಜಾಡಿಸಿ ಜಾಡಿಸಿ ಸಾಕಾಗೈತಿ ನನಗ.” ಆಕೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿದಳು. “ಅವ್ವಾರ, ಇವ ಯಾರ್ರಿ ಕೊಡಾಕ? ಇವನ ಧಣಿಯಾದ್ರೂ ಯಾರು ಕೊಡಾಕ? ನಾನೂರು ಕೂಲಿ ಐತಿ ಊರಾಗ. ನನಗ ಇನ್ನೂರೈವತ್ತು ಕೊಟ್ಟು, ಉಳದದ್ದು ನೆಲದಾಗ ಐತಿ ಬಳಕೋ ಅಂದ್ರು. ಬಳಕೊಂಡೆ. ಹಿಕ್ಕಿ ಆರಿಸಿ, ಬೀಡಿ ಆರಿಸಿ, ಸುಂಕು ತಿಂದು ಬಳಕೊಂಡೆ. ಅದು ನನ್ನ ಕೂಲಿ. ನನ್ನ ಕೂಲಿ ನಾ ಮನಿಗೆ ಒಯ್ಯಾಕ ಯಾರ ಒಪ್ಪಿಗಿ ಬೇಕ್ರಿ? ಬಂದ್ ಮಾಡೋರು ನೂರೈವತ್ತು ನನ್ನ ಕೈಯಾಗ ಇಟ್ಟು ಬಂದ್ ಮಾಡಬೇಕಿತ್ತು. ಆ ನೂರೈವತ್ತು ಈಗ ಯಾರ ಮನ್ಯಾಗ ಐತಿ? ಅಲ್ಲಿಗೆ ಜೀಪು ಹೋತೇನು?”

 ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟರು. “ನಿಮ್ಮದೇ ಅಂದಮೇಲೆ, ದಿನಾ ಸಂಜೆ ಗೇಟಿನ ಹತ್ತಿರ ಗಂಟು ಬಿಚ್ಚಿ ಇವರನ್ನು ಯಾಕೆ ಕೇಳ್ತಿದ್ರಿ?”

“ಕೇಳತಿದ್ದಿಲ್ರಿ. ತೋರಸ್ತಿದ್ದೆ” ಅಂದಳು ಬಸ್ಸಮ್ಮ. “ನಂದು ಬಿಟ್ಟು ಮಂದೀದು ಒಂದು ಕಾಳು ಒಯ್ಯವಲ್ಲೆ, ನೋಡಕೋರಿ ಅಂತ ತೋರಸ್ತಿದ್ದೆ. ಒಯ್ಯಿ ಒಯ್ಯಿ ಅಂತ ಇವ ಅಂತಿದ್ದ. ಅನ್ಲಿ ಬಿಡು, ಹುಡುಗಗ ಖುರ್ಚಿ ಹೊಸಾದು ಅಂತ ನಾನೂ ಬಿಟ್ಟಿದ್ದೆ.”

ಮಲ್ಲೇಶ ಕಟಕಟೆ ಹಿಡಿದುಕೊಂಡ. ಒಬ್ಬ ಮುದುಕಿಗೆ ಕೊಟ್ಟದ್ದನ್ನು ಕೊಟ್ಟಿಲ್ಲ ಅಂದೆನಲ್ಲ ಎಂಬುದೇ ಅವನ ಎಂಟು ತಿಂಗಳ ಸಂಕಟವಾಗಿತ್ತು. ಕೊಡುತ್ತಿದ್ದವನು ತಾನು ಎಂಬ ಬಗ್ಗೆ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಬಗ್ಗಿ ದುಡಿದವಳ ಕೂಲಿಯಲ್ಲಿ ಕೈ ಹಾಕಿ, ಹಿಡಿ ಎತ್ತಿ, ಊದಿ, ಒಯ್ಯಿ ಅಂತ ಹನ್ನೊಂದು ವರ್ಷ ಧಣಿಯ ಹಾಗೆ ನಿಂತಿದ್ದನಲ್ಲ. ಈಗ, ಇಷ್ಟು ಜನರ ಮುಂದೆ, ಪ್ರಮಾಣ ಮಾಡಿ, ಮತ್ತೆ ಅದನ್ನೇ ಹೇಳಿದ್ದ. ಅವನಿಗೆ ಹೇಸಿಗೆಯಾಯಿತು, ತನ್ನ ಮೇಲೆ.

“ಸಾಕ್ಷಿ, ಈ ಕಡೆ ನೋಡಿ” ಅಂದರು ಮ್ಯಾಜಿಸ್ಟ್ರೇಟ್. “ಆಕೆ ಹೇಳಿದ್ದು ಕೇಳಿದಿರಿ. ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು ನೀವು. ಸರಿಯಾಗಿ ಹೇಳಿ, ಆ ಕಾಳು ಯಾರದು?”

ಹಿಂದಿನ ಸಾಲಿನಿಂದ ಸಂಗನಬಸವ ಎದ್ದು ನಿಂತು ಗಂಟಲು ಕೆರೆದ. ಮಲ್ಲೇಶ ತಿರುಗಿ ನೋಡಲಿಲ್ಲ.

“ಆಕಿದ್ರಿ” ಅಂದ.

ಟೈಪು ಮಾಡುವವಳು ಬರೆದುಕೊಂಡಳು. ಬಸ್ಸಮ್ಮ ಆಗಲೂ ಅವನ ಕಡೆ ನೋಡಲಿಲ್ಲ.